ಫ್ರೀ ಡಿಶ್ ಬಾಕ್ಸನ್ನು ಅಪ್ಪನ ಹಳೇ ಸ್ಟೀರಿಯೊಗೆ ಹಾಕಿದೆ: ಎಡಗಡೆ ಸರಿ, ಬಲಗಡೆ ಬರೀ ಗುರ್ ಗುರ್

ಹುಳುಮನೆಯವಳು, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ, ರೇಷ್ಮೆ ಹುಳು ಗೊತ್ತು. ಯಾವ ವಿಷಯ ಹೇಳಬೇಕು ಯಾವುದು ಬಿಡಬೇಕು ತಿಳಿಯದೆ ಎಲ್ಲಾ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಗಣಿ ಕೆಲಸಕ್ಕಿದ್ದರು. 1987ರಲ್ಲಿ ಬೋನಸ್ ದುಡ್ಡಲ್ಲಿ ರಾಬರ್ಟ್‌ಸನ್‌ಪೇಟೆಯಿಂದ ಒಂದು ಸ್ಟೀರಿಯೊ ತಂದರು. ಆಂಪ್ಲಿಫೈಯರ್ ಬೇರೆ, ಎರಡು ಮರದ ಸ್ಪೀಕರ್ ಬೇರೆ. 2001ರಲ್ಲಿ ಗಣಿ ಮುಚ್ಚಿತು. ಮನೆಯ ಎಷ್ಟೋ ಸಾಮಾನು ಮಾರಿದರು, ಅದನ್ನು ಮಾತ್ರ ಮಾರಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಅಣ್ಣ "ನೀನೇ ಇಟ್ಟುಕೋ" ಅಂತ ಟೆಂಪೊದಲ್ಲಿ ಕಳಿಸಿಕೊಟ್ಟ.

ನನಗೆ ಬೇಕಾಗಿರುವುದು ಇಷ್ಟೇ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವಾಗಿನ ನಿದ್ದೆ) ಎದ್ದ ಮೇಲೆ ರಾತ್ರಿ ಹತ್ತಕ್ಕೆ ಒಂದು ಸಲ ಸೊಪ್ಪು ಹಾಕಬೇಕು. ಹುಳುಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಆಕಾಶವಾಣಿ ಕೇಳುತ್ತಾ ಕೆಲಸ ಮಾಡಬೇಕು ಅಂತ ಆಸೆ. ಟ್ರಾನ್ಸಿಸ್ಟರ್ ಇಟ್ಟು ನೋಡಿದೆ. ಮೇಲೆ ತಗಡು, ಒಳಗೆ ಕಬ್ಬಿಣದ ಸ್ಟ್ಯಾಂಡು, ಬೆಂಗಳೂರು ಸ್ಟೇಷನ್ ಬಾವಿಯೊಳಗಿಂದ ಕೂಗಿದ ಹಾಗೆ ಬರುತ್ತದೆ. ಪಕ್ಕದ ತೋಟದವರು ಮೋಟರ್ ಹಾಕಿದರೆ ಅದೂ ಇಲ್ಲ. ನಮ್ಮ ಫ್ರೀ ಡಿಶ್ ಬಾಕ್ಸಿನ ರಿಮೋಟಿನಲ್ಲಿ ರೇಡಿಯೊ ಬಟನ್ ಒತ್ತಿದರೆ ಅದೇ ಆಕಾಶವಾಣಿ ಗಾಜಿನ ಹಾಗೆ ಬರುತ್ತದೆ. ಅದನ್ನು ಸ್ಟೀರಿಯೊಗೆ ಕೊಟ್ಟು, ಒಂದು ಸ್ಪೀಕರ್ ಹುಳುಮನೆಗೆ ಎಳೆಯೋಣ ಅಂತ.

ಬಾಕ್ಸಿನಿಂದ ಟೀವಿಗೆ ಎಚ್‌ಡಿಎಂಐ ವೈರು ಹೋಗಿದೆ. ಪಕ್ಕದಲ್ಲಿ ಇಯರ್‌ಫೋನ್ ತೂತಿನಂಥ ಒಂದು ತೂತು, ಎವಿ ಅಂತ ಬರೆದಿದೆ. ಅದರ ಜೊತೆ ಬಂದಿದ್ದ ಹಳದಿ-ಬಿಳಿ-ಕೆಂಪು ವೈರನ್ನು ಇಲಿ ಕಡಿದಿತ್ತು. ಅಂಗಡಿಯಲ್ಲಿ ನೋಡೋಕೆ ಥೇಟ್ ಅದೇ ಥರದ್ದು ಕೊಟ್ಟರು, 80 ರೂಪಾಯಿ. ಸ್ಟೀರಿಯೊ ಹಿಂದೆ ಬಿಳಿ-ಕೆಂಪು ಪಿನ್ ಹಾಕುವ ಜಾಗವೇ ಇಲ್ಲ, ಎಲ್ಲಾ ಗುಂಡಗಿನ ಐದು ತೂತಿನ ಸಾಕೆಟ್ಟು. ಅಂಗಡಿಯವರೇ ಒಂದು ಐದು ಪಿನ್ನಿನ ಜಾಕಿಗೆ ಎರಡು ಸಾಕೆಟ್ ಬೆಸೆದು ಕೊಟ್ಟರು. ಬಿಳಿ, ಕೆಂಪು ಅದಕ್ಕೆ ಹಾಕಿದೆ. ಹಳದಿ ಸುಮ್ನೆ ನೇತಾಡುತ್ತಿದೆ.

ಈಗ ಎಡಗಡೆ ಸ್ಪೀಕರಿನಲ್ಲಿ ಮಾತು ಬರುತ್ತದೆ, ಆದರೆ ಗುಡಾಣದೊಳಗೆ ತಲೆ ಹಾಕಿ ಮಾತಾಡಿದ ಹಾಗೆ, ಸ್ವಲ್ಪ ಜೋರು ಮಾಡಿದರೆ ಒಡೆಯುತ್ತದೆ. ಬಲಗಡೆ ಬರೀ ಗುರ್ ಅನ್ನುತ್ತದೆ. ಒಂದು ವಿಚಿತ್ರ ಹೇಳುತ್ತೇನೆ ನೋಡಿ. ರೇಡಿಯೊ ಹಾಕಿದಾಗ ಆ ಗುರ್ ಒಂದೇ ಸಮನೆ ಇರುತ್ತದೆ. ಟೀವಿ ಚಾನೆಲ್ ಹಾಕಿದರೆ ಚಿತ್ರ ಬದಲಾದಂತೆ ಅದೂ ಬದಲಾಗುತ್ತದೆ. ಸೋಪಿನ ಜಾಹೀರಾತಿನಲ್ಲಿ ಬಿಳಿ ಬಟ್ಟೆ ತೋರಿಸಿದಾಗ ಒಂದು ಥರ, ಧಾರಾವಾಹಿಯಲ್ಲಿ ಕತ್ತಲೆ ಮನೆ ಬಂದರೆ ಇನ್ನೊಂದು ಥರ. ಟೀವಿ ಆಫ್ ಮಾಡಿದರೂ ನಿಲ್ಲುವುದಿಲ್ಲ. ನಮ್ಮ ಮನೆಯವರು "ಹಳೇ ಪೆಟ್ಟಿಗೆ, ಗುಜರಿಗೆ ಹಾಕು" ಅನ್ನುತ್ತಾರೆ. ಹಾಕಬೇಕಾ?


ಸೈಲೆಂಟ್ ಮೋಡ್, ಚಿಕ್ಕಬಳ್ಳಾಪುರ

ಆಂಟಿ, ಇಷ್ಟೆಲ್ಲಾ ಯಾಕೆ? ಒಂದು ಬ್ಲೂಟೂತ್ ಸ್ಪೀಕರ್ ತಗೊಳ್ಳಿ, ಫೋನಿನಲ್ಲೇ ಆಕಾಶವಾಣಿ ಆಪ್ ಇದೆ. ಎರಡು ನಿಮಿಷದ ಕೆಲಸ.


ಹುಳುಮನೆಯವಳು

ಫೋನಿಗೆ ಹುಳುಮನೆಯಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಹಬ್ಬ, ತಮ್ಮಾ. ಅಲ್ಲದೆ ಸ್ಪೀಕರ್ ನನ್ನ ಹತ್ತಿರ ಈಗಾಗಲೇ ಎರಡಿದೆ, ಒಂದೊಂದೂ ಒಂದು ಕುರಿಮರಿ ತೂಕ. ಆಂಟಿ ಅಂದದ್ದಕ್ಕೆ ಬೇಜಾರಿಲ್ಲ.


ಬೆಸುಗೆಕಡ್ಡಿ, ತುಮಕೂರು

ಅಮ್ಮಾ, ಗುಜರಿಗೆ ಹಾಕಬೇಡಿ. 28 ವರ್ಷದಿಂದ ತುಮಕೂರಿನಲ್ಲಿ ರಿಪೇರಿ ಅಂಗಡಿ ಇಟ್ಟಿದ್ದೇನೆ. ಸ್ಟೀರಿಯೊ ಕೆಟ್ಟಿಲ್ಲ ಅಂತ ಇಲ್ಲೇ ಕೂತು ಹೇಳಬಲ್ಲೆ. ಆ ಸೋಪಿನ ಜಾಹೀರಾತಿನ ಮಾತು ಬರೆದಿರಲ್ಲ, ಅರ್ಧ ರೋಗ ಅದರಲ್ಲೇ ಗೊತ್ತಾಯಿತು. ನಮ್ಮ ಅಂಗಡಿಗೆ ಬರುವವರು "ಏನೋ ಸೌಂಡ್ ಸರಿ ಇಲ್ಲ ಸಾರ್" ಅಂದು ಸುಮ್ಮನಾಗುತ್ತಾರೆ.

ಒಂದೇ ಒಂದು ಪ್ರಶ್ನೆ. ಸ್ಟೀರಿಯೊ ಹಿಂದಿನ ಐದು ತೂತಿನ ಸಾಕೆಟ್ಟುಗಳಲ್ಲಿ ಯಾವುದಕ್ಕೆ ಹಾಕಿದ್ದೀರಿ? ಮೇಲೆ ಏನು ಬರೆದಿದೆ?


ಹುಳುಮನೆಯವಳು

ಮೂರು ಇದೆ ಅಣ್ಣ. ಫೋನೊ, ಟ್ಯೂನರ್, ಟೇಪ್. ಮೂರಕ್ಕೂ ಹಾಕಿ ನೋಡಿದೆ. ಜಾಸ್ತಿ ಜೋರಾಗಿ ಬಂದದ್ದು ಫೋನೊದಲ್ಲಿ, ಅದಕ್ಕೇ ಅಲ್ಲೇ ಬಿಟ್ಟೆ. ಉಳಿದ ಎರಡರಲ್ಲಿ ಏನೂ ಬರಲೇ ಇಲ್ಲ.


ಬೆಸುಗೆಕಡ್ಡಿ

ಅಂದುಕೊಂಡೆ. ಎರಡು ತಪ್ಪು ಒಂದರ ಮೇಲೊಂದು ಕೂತಿವೆ, ಒಂದೊಂದಾಗಿ ಬಿಡಿಸೋಣ.

ಮೊದಲು ಗುಡಾಣದ್ದು. ಫೋನೊ ಅಂದರೆ ಫೋನಿಗಲ್ಲ, ತಟ್ಟೆ ಹಾಡಿಸುವ ಗ್ರಾಮಫೋನಿಗೆ. ಅದರ ಮುಳ್ಳಿನಿಂದ ಬರುವುದು ನಾಲ್ಕೈದು ಮಿಲಿವೋಲ್ಟ್, ಅಷ್ಟೇ. ನಿಮ್ಮ ಬಾಕ್ಸು ಕೊಡುವುದು ಅದರ ನೂರಾರು ಪಟ್ಟು. ಅಷ್ಟು ಸಣ್ಣ ಬಾಯಿಗೆ ಅಷ್ಟು ನೀರು ಬಿಟ್ಟರೆ ಒಡೆಯದೆ ಏನು ಮಾಡುತ್ತದೆ? ಇನ್ನೊಂದು ವಿಷಯ ಇದೆ. ತಟ್ಟೆಗಳನ್ನು ಕೊರೆಯುವಾಗಲೇ ದಪ್ಪ ಸ್ವರ ಕಮ್ಮಿ ಮಾಡಿ, ಸಣ್ಣ ಸ್ವರ ಜಾಸ್ತಿ ಮಾಡಿ ಕೊರೆದಿರುತ್ತಾರೆ. ಫೋನೊ ಸಾಕೆಟ್ಟಿನ ಹಿಂದಿನ ಸರ್ಕ್ಯೂಟು ಅದನ್ನು ತಿರುವುಮುರುವು ಮಾಡಿ ಸರಿಗೆ ತರುತ್ತದೆ. ರೇಡಿಯೊ ಸೌಂಡಿಗೆ ಆ ಔಷಧಿ ಬೇಕಿಲ್ಲ. ಬೇಡದ ಔಷಧಿ ಕುಡಿದು ವಾರ್ತೆ ಓದುವವರು ಗುಡಾಣ ಸೇರಿದ್ದಾರೆ.

ಟ್ಯೂನರ್ ಇಲ್ಲವೇ ಟೇಪ್ ಸಾಕೆಟ್ಟಿಗೆ ಹಾಕಿ. ಅದರಲ್ಲಿ ಏನೂ ಬರಲಿಲ್ಲ ಅಂದಿರಿ. ಮುಂದೆ ಅದೇ ಹೆಸರಿನ ಗುಂಡಿಗಳು ಇರುತ್ತವೆ, ಯಾವ ಸಾಕೆಟ್ಟಿಗೆ ಹಾಕಿದ್ದೀರೋ ಆ ಗುಂಡಿ ಒತ್ತಬೇಕು. ಫೋನೊ ಗುಂಡಿ ಒಳಗೇ ಇತ್ತು ಅಂತ ನನ್ನ ಊಹೆ. ಗುಂಡಿ ಒತ್ತಿದರೂ ಬರದಿದ್ದರೆ ಅಂಗಡಿಯವರು ಬೆಸೆದದ್ದು ತಪ್ಪಿರುತ್ತದೆ. ಐದು ಪಿನ್ನು ಕಮಾನಿನ ಹಾಗೆ ಇರುತ್ತವೆ, ಅಲ್ವಾ? ನಟ್ಟನಡುವಿನದು ಅರ್ತ್. ಅದರ ಒಂದು ಪಕ್ಕದ ಎರಡು ಪಿನ್ನು ಸೌಂಡ್ ಒಳಗೆ ಬರುವುದಕ್ಕೆ, ಇನ್ನೊಂದು ಪಕ್ಕದ ಎರಡು ಟೇಪಿನಲ್ಲಿ ರೆಕಾರ್ಡ್ ಮಾಡೋಕೆ ಹೊರಗೆ ಹೋಗುವುದಕ್ಕೆ. ಫೋನೊದಲ್ಲಿ ಬರುತ್ತಿದೆ ಅಂದಮೇಲೆ ಒಳಗಿನ ಪಕ್ಕಕ್ಕೇ ಬೆಸೆದಿರಬೇಕು, ನೋಡೋಣ.

ಎರಡನೆಯದು ಗುರ್ ಗುರ್. ಬಾಕ್ಸಿನ ಆ ಒಂದೇ ತೂತಿನಲ್ಲಿ ನಾಲ್ಕು ಸಂಪರ್ಕ ಇವೆ: ಎಡ, ಬಲ, ಚಿತ್ರ, ಅರ್ತ್. ಜಾಕು ಹೊರಗೆ ತೆಗೆದು ನೋಡಿ, ಮೂರು ಕಪ್ಪು ಗೆರೆ ಕಾಣುತ್ತವೆ, ನಾಲ್ಕು ಭಾಗ ಮಾಡಿವೆ. ಈ ನಾಲ್ಕನ್ನು ಯಾವ ಕ್ರಮದಲ್ಲಿ ಇಡಬೇಕು ಅಂತ ಎಲ್ಲರೂ ಒಪ್ಪಿದ ಒಂದು ಲೆಕ್ಕ ಇಲ್ಲ. ಒಬ್ಬರು ಚಿತ್ರವನ್ನು ಬುಡದಲ್ಲಿ ಇಡುತ್ತಾರೆ, ಇನ್ನೊಬ್ಬರು ತುದಿಯ ಪಕ್ಕದಲ್ಲಿ. ಇಲಿ ತಿಂದದ್ದು ನಿಮ್ಮ ಬಾಕ್ಸಿನ ಲೆಕ್ಕದ ವೈರು, ಅಂಗಡಿಯಲ್ಲಿ ಕೊಟ್ಟದ್ದು ಬೇರೆ ಲೆಕ್ಕದ್ದು. ಹೊರಗಿಂದ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ನನಗೂ. ಹಾಗಾಗಿ ನಿಮ್ಮ ಕೆಂಪು ಪಿನ್ನಿನಲ್ಲಿ ಬರುತ್ತಿರುವುದು ಸೌಂಡಲ್ಲ, ಚಿತ್ರ. ಸೆಕೆಂಡಿಗೆ 50 ಸಲ ಪರದೆ ತುಂಬುವ ಮಿಡಿತವನ್ನು ಸ್ಪೀಕರು ಗುರ್ ಅಂತ ಓದುತ್ತಿದೆ. ನೀವು ಕೇಳಿಸಿಕೊಂಡದ್ದು ಸೋಪಿನ ಜಾಹೀರಾತಿನ ಬಿಳಿ ಬಟ್ಟೆಯನ್ನೇ!

ದುಡ್ಡು ಖರ್ಚಿಲ್ಲದ ಮದ್ದು: ಕೆಂಪು ಕಿತ್ತು ಆ ಜಾಗಕ್ಕೆ ನೇತಾಡುತ್ತಿರುವ ಹಳದಿ ಪಿನ್ ಹಾಕಿ. ಬಣ್ಣ ನೋಡಬೇಡಿ, ಕಿವಿ ಕೊಡಿ. ಹಾಕುವಾಗ ಆಂಪ್ಲಿಫೈಯರಿನ ವಾಲ್ಯೂಮ್ ಸೊನ್ನೆಗೆ ಇಳಿಸಿರಿ.


ಹುಳುಮನೆಯವಳು

ಬೆಸುಗೆಯಣ್ಣಾ, ಬಂತು!!

ಗುಂಡಿಯ ಮಾತು ನಿಜ. ಟೇಪ್ ಗುಂಡಿ ಧೂಳಿಗೆ ಅಂಟಿಕೊಂಡಿತ್ತು, ಬೆರಳು ನೋಯುವಷ್ಟು ಒತ್ತಿದ ಮೇಲೆ ಟಕ್ ಅಂತ ಕೂತಿತು. ಹಳದಿ ಪಿನ್ನು ಕೆಂಪು ಜಾಗಕ್ಕೆ ಹಾಕಿದೆ. ಎರಡೂ ಕಡೆ ವೀಣೆ. ನಾನು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟೆ. ಆ ಸ್ಪೀಕರಿಗೆ ಅಂಟಿದ ಒಂದು ವಾಸನೆ ಇದೆ, ಬಿಸಿಯಾದಾಗ ಬರುತ್ತದೆ, ಹಳೇ ಮರ ಮತ್ತೆ ಧೂಳು. ಅಪ್ಪ ನೈಟ್ ಶಿಫ್ಟ್ ಮುಗಿಸಿ ಬಂದು ಕಾಲು ಚಾಚಿ ಕೂರುತ್ತಿದ್ದಾಗ ಮನೆಯೆಲ್ಲಾ ಇದೇ ವಾಸನೆ.

ಟೀವಿ ಆಫ್ ಮಾಡಿದರೂ ಸ್ಟೀರಿಯೊದಲ್ಲಿ ಬರುತ್ತಲೇ ಇದೆ. ಇದು ನನಗೆ ಗೊತ್ತಿರಲಿಲ್ಲ. ರೇಡಿಯೊಗೋಸ್ಕರ ಟೀವಿ ಉರಿಸಬೇಕು ಅಂದುಕೊಂಡಿದ್ದೆ.

ಆದರೆ ಗುರ್ ಹೋದಮೇಲೆ ಅದರ ಕೆಳಗೆ ಇನ್ನೊಂದು ಶಬ್ದ ಕೂತಿದ್ದು ಕೇಳುತ್ತಿದೆ. ಹುಂಂಂ ಅಂತ. ಜೇನುಹುಳ ಡಬ್ಬಿಯಲ್ಲಿ ಹಾಕಿದ ಹಾಗೆ. ಎರಡೂ ಕಡೆ, ಒಂದೇ ಸಮ. ಹಾಡು ನಡೆಯುವಾಗ ಗೊತ್ತಾಗುವುದಿಲ್ಲ, ಮಾತಿನ ನಡುವೆ ಬಿಡುವು ಬಂದಾಗ ಚುಚ್ಚುತ್ತದೆ.


ನಿವೃತ್ತ ಮಾಮ, ಗೌರಿಬಿದನೂರು

ಅರ್ತಿನ ತೊಂದರೆ ಅಮ್ಮ ಅದು. ನಮ್ಮ ಮನೆಯಲ್ಲೂ ಇತ್ತು. ಆಂಪ್ಲಿಫೈಯರ್ ತ್ರೀ ಪಿನ್ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನಿನ ವೈರ್ ಕತ್ತರಿಸಿಬಿಡಿ. ಹುಂ ಅನ್ನುವುದು ತಕ್ಷಣ ನಿಲ್ಲುತ್ತದೆ. ಹತ್ತು ವರ್ಷದಿಂದ ಹಾಗೇ ನಡೆಯುತ್ತಿದೆ ನಮ್ಮಲ್ಲಿ.


ಬೆಸುಗೆಕಡ್ಡಿ

ಮಾಮ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದನ್ನು ಯಾರಿಗೂ ಹೇಳಿಕೊಡಬೇಡಿ. ಶಬ್ದ ನಿಲ್ಲುತ್ತದೆ, ಅದು ನಿಜ. ಆದರೆ ಅದು 1987ರ ಪೆಟ್ಟಿಗೆ, ಕಬ್ಬಿಣದ ಮೈ. ಒಳಗಿನ ಟ್ರಾನ್ಸ್‌ಫಾರ್ಮರಿನ ಹೊದಿಕೆ ಎಂದಾದರೂ ಸೋತರೆ 230 ವೋಲ್ಟ್ ಮೈ ಮೇಲೆ ಬರುತ್ತದೆ. ಅರ್ತ್ ಇದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಮುಟ್ಟಿದವರು ಹೋಗುತ್ತಾರೆ. ಈ ಅಮ್ಮ ಹುಳುಮನೆಯಿಂದ ಒದ್ದೆ ಕೈಯಲ್ಲಿ ಬಂದು ವಾಲ್ಯೂಮ್ ತಿರುಗಿಸುತ್ತಾರೆ.

ಅಮ್ಮಾ, ನೀವು ಮೂರು ಪರೀಕ್ಷೆ ಮಾಡಿ. ವಾಲ್ಯೂಮ್ ಸೊನ್ನೆಗೆ ಇಳಿಸಿ, ಆಗಲೂ ಹುಂ ಇದ್ದರೆ ತೊಂದರೆ ಆಂಪ್ಲಿಫೈಯರ್ ಒಳಗೆ. ದೊಡ್ಡ ಕೆಪಾಸಿಟರ್ ಒಣಗಿರುತ್ತದೆ, ವಯಸ್ಸಿನ ಕಾಯಿಲೆ, ಬದಲಾಯಿಸಬಹುದು. ಅದನ್ನು ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಕೆಪಾಸಿಟರು ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. ಸೊನ್ನೆಯಲ್ಲಿ ನಿಂತರೆ, ಮತ್ತೆ ವಾಲ್ಯೂಮ್ ಏರಿಸಿ ಬಾಕ್ಸಿನ ಕಡೆಯ ಜಾಕು ಕಿತ್ತು ನೋಡಿ. ಆಮೇಲೆ ಜಾಕು ವಾಪಸ್ ಹಾಕಿ, ಬಾಕ್ಸಿನ ಸ್ವಿಚ್ ಆರಿಸಿ, ಡಿಶ್ಶಿನಿಂದ ಬರುವ ದಪ್ಪ ವೈರಿನ ತಿರುಪು ಬಿಚ್ಚಿ, ಮತ್ತೆ ಸ್ವಿಚ್ ಹಾಕಿ ಕೇಳಿ. ಸ್ವಿಚ್ ಆರಿಸದೆ ಬಿಚ್ಚಬೇಡಿ. ಡಿಶ್ ತಲೆಯಲ್ಲಿರುವ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದು ಅದೇ ವೈರಿನಲ್ಲಿ, 13 ಇಲ್ಲವೇ 18 ವೋಲ್ಟ್. ನಿಮಗೆ ಏನೂ ಆಗುವುದಿಲ್ಲ, ನಡುವಿನ ತಂತಿ ಹೊರಗಿನದಕ್ಕೆ ತಗುಲಿದರೆ ಬಾಕ್ಸಿಗೆ ಆಗಬಹುದು.

ಡಿಶ್ ಎಲ್ಲಿ ಕೂರಿಸಿದ್ದೀರಿ, ಅದನ್ನೂ ಹೇಳಿ.


ಹುಳುಮನೆಯವಳು

ಮಾಡಿದೆ. ಸೊನ್ನೆಯಲ್ಲಿ ಶಬ್ದ ಇಲ್ಲ. ಜಾಕು ಕಿತ್ತರೆ ಇಲ್ಲ. ಜಾಕು ಹಾಕಿ ಡಿಶ್ ವೈರು ಬಿಚ್ಚಿದರೆ ಆಗಲೂ ಇಲ್ಲ! ಡಿಶ್ ವೈರಿನ ತಿರುಪು ಸುಮ್ನೆ ಬಾಕ್ಸಿನ ಅಂಚಿಗೆ ತಗುಲಿದರೂ ಸಾಕು, ಹುಂ ಅನ್ನುತ್ತದೆ. ತೆಗೆದರೆ ನಿಲ್ಲುತ್ತದೆ. ನಾಲ್ಕು ಸಲ ಆಟ ಆಡಿಸಿದೆ. ಅತ್ತೆ ಒಳಗಿಂದ "ಅದೇನು ಜೋಗುಳನಾ" ಅಂದರು.

ಡಿಶ್ ಇರುವುದು ಹುಳುಮನೆ ಮೇಲೆ. ತಗಡು ಕೂರಿಸಿದ ಕಬ್ಬಿಣದ ಆಂಗಲ್ಲಿಗೇ ಬೋಲ್ಟ್ ಹಾಕಿದ್ದಾರೆ. ಮನೆ ಮುಂದೆ ತೆಂಗಿನಮರ ಅಡ್ಡ ಬರುತ್ತದೆ ಅಂತ ಅಲ್ಲಿಟ್ಟರು. ಅದೇ ಆಂಗಲ್ ಕಂಬಕ್ಕೆ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯೂ ಇದೆ. ಆಂಪ್ಲಿಫೈಯರಿಗೆ ತ್ರೀ ಪಿನ್ ವೈರು ಹಾಕಿಕೊಟ್ಟದ್ದು ನಮ್ಮ ಮೈದುನ, ಹಳೆಯದು ಬಿರುಕು ಬಿಟ್ಟಿತ್ತು. ಹಸಿರು ವೈರನ್ನು ಮೈಗೆ ತಿರುಪು ಹಾಕಿ ಬಿಗಿದಿದ್ದಾನೆ.


ಬೆಸುಗೆಕಡ್ಡಿ

ನಿಮ್ಮ ಮೈದುನ ಮಾಡಿದ್ದು ಸರಿಯಾದ ಕೆಲಸ, ಅದನ್ನು ಮುಟ್ಟಬೇಡಿ.

ಆಗಿರುವುದು ಇದು. ಮನೆಯ ಅರ್ತ್ ಒಂದು ಕಡೆ ನೆಲಕ್ಕೆ ಇಳಿದಿದೆ. ಹುಳುಮನೆಯ ಕಬ್ಬಿಣ, ಸ್ಟಾರ್ಟರಿನ ಅರ್ತ್ ಇನ್ನೊಂದು ಕಡೆ ಇಳಿದಿದೆ. ಹೆಸರಿಗೆ ಎರಡೂ ಭೂಮಿ, ಆದರೆ ಎರಡರ ನಡುವೆ ಒಂಚೂರು ವೋಲ್ಟಿನ ವ್ಯತ್ಯಾಸ ಇದ್ದೇ ಇರುತ್ತದೆ. ಡಿಶ್ ವೈರಿನ ಹೊರಗಿನ ಜಾಲರಿ ಆ ಭೂಮಿಯನ್ನು ಬಾಕ್ಸಿಗೆ ತಂದಿತು. ನಿಮ್ಮ ಬಿಳಿ-ಹಳದಿ ವೈರು ಅದನ್ನು ಆಂಪ್ಲಿಫೈಯರಿಗೆ ತಂದಿತು. ಅಲ್ಲಿ ಮನೆಯ ಅರ್ತ್ ಕಾದು ಕೂತಿದೆ. ಎರಡು ಭೂಮಿ ಕೈ ಹಿಡಿದವು, ಒಂದು ದೊಡ್ಡ ಸುತ್ತಿನಲ್ಲಿ ಸಣ್ಣ ಕರೆಂಟ್ ಓಡಾಡುತ್ತಿದೆ. ಹುಂ ಅನ್ನುವುದು ಅದೇ. ನಮ್ಮ ಕರೆಂಟು 50 ಹರ್ಟ್ಜ್, ಅದರ ದನಿಯನ್ನೇ ನೀವು ಕೇಳುತ್ತಿದ್ದೀರಿ.

ಬಾಕ್ಸು, ಟೀವಿ, ಆಂಪ್ಲಿಫೈಯರ್ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ ಅಂತ ಸಾಮಾನ್ಯವಾಗಿ ಹೇಳುತ್ತೇನೆ. ಎಷ್ಟೋ ಮನೆಯಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ. ನಿಮ್ಮಲ್ಲಿ ಆಗಲಾರದು, ತಪ್ಪಿರುವುದು ಚಾವಣಿಯಲ್ಲಿ. ಡಿಶ್ಶಿಗೂ ಆಂಗಲ್ಲಿಗೂ ನಡುವೆ ಸೈಕಲ್ ಟ್ಯೂಬ್ ತುಂಡು ಇಟ್ಟರೂ ಶಬ್ದ ನಿಲ್ಲಬಹುದು, ಆದರೆ ಬಯಲಿನಲ್ಲಿ ನಿಂತಿರುವ ಡಿಶ್ಶನ್ನು ಭೂಮಿಯಿಂದ ಬಿಡಿಸುವುದು ನನಗೆ ಇಷ್ಟವಿಲ್ಲ. ಸಿಡಿಲಿನ ಲೆಕ್ಕ ಬೇರೆ.

ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಬೆಂಕಿಪೊಟ್ಟಣದಷ್ಟು ಡಬ್ಬಿ ಸಿಗುತ್ತದೆ. ಕಾರ್ ಸ್ಟೀರಿಯೊ ಹಾಕುವ ಅಂಗಡಿಯಲ್ಲಿ ಕೇಳಿ, ಇಲ್ಲವಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಖಂಡಿತ ಸಿಗುತ್ತದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಎಡಕ್ಕೊಂದು ಬಲಕ್ಕೊಂದು. ಸೌಂಡು ಕಾಂತದ ಮೂಲಕ ಆಚೆ ದಾಟುತ್ತದೆ, ತಂತಿಗೆ ತಂತಿ ತಾಗುವುದಿಲ್ಲ. ಭೂಮಿಗಳು ಕೈ ಬಿಡುತ್ತವೆ. ಅಗ್ಗದ್ದರಲ್ಲಿ ತೀರಾ ದಪ್ಪ ಸ್ವರ ಸ್ವಲ್ಪ ತೆಳ್ಳಗಾಗುತ್ತದೆ. ವಾರ್ತೆ, ಭಾವಗೀತೆಗೆ ಚಿಂತೆ ಇಲ್ಲ.

ಇನ್ನೊಂದು ಮಾತು. ಬಾಕ್ಸಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಸ್ವಲ್ಪ ಮೇಲೆ ಇಟ್ಟುಬಿಡಿ, ಜೋರು ಮೆಲ್ಲಗೆ ಎಲ್ಲಾ ಆಂಪ್ಲಿಫೈಯರಿನಲ್ಲೇ ಮಾಡಿ. ಬಾಕ್ಸು ಮೆಲ್ಲಗಿದ್ದು ಆಂಪ್ಲಿಫೈಯರ್ ಜೋರಾದರೆ ಇರುವ ಸದ್ದೆಲ್ಲಾ ದೊಡ್ಡದಾಗುತ್ತದೆ.


ನಿವೃತ್ತ ಮಾಮ

ಆಯಿತಪ್ಪ, ನಾಳೆ ನಮ್ಮ ಪ್ಲಗ್ಗಿಗೆ ಪಿನ್ ಹಾಕಿಸುತ್ತೇನೆ. ಆ ಡಬ್ಬಿ ನನಗೂ ಒಂದು ಬೇಕು.


ಮಿಶ್ರತಳಿ, ಮಾಲೂರು

ಹುಳುಮನೆ ಅಕ್ಕ, ನಾವೂ ಹುಳು ಮೇಯಿಸುವವರೇ. ಇಲ್ಲಿ ಎಲ್ಲರೂ ಮನೆಯೊಳಗಿನ ಕಥೆ ಹೇಳಿದರು, ಹುಳುಮನೆಯೊಳಗಿನದು ನಾನು ಹೇಳುತ್ತೇನೆ.

ಆಂಪ್ಲಿಫೈಯರನ್ನು ಯಾವ ಕಾರಣಕ್ಕೂ ಹುಳುಮನೆಗೆ ತರಬೇಡಿ. ನಾನು ತಂದು ಕೆಟ್ಟೆ. ಬೆಳೆಗೊಂದು ಸಲ ಬ್ಲೀಚಿಂಗ್ ನೀರು ಹೊಡೆಯುತ್ತೇವೆ, ಜ್ವರಕ್ಕೆ ಕೂತಾಗ ಸುಣ್ಣ ಎರಚುತ್ತೇವೆ, ನೆಲ ಸದಾ ತೇವ. ಎರಡೇ ಬೆಳೆಗೆ ನನ್ನ ಸೆಟ್ಟಿನ ತಾಮ್ರವೆಲ್ಲಾ ಹಸಿರು ಹಿಡಿದು ಹೋಯಿತು. ಸ್ಪೀಕರ್ ಮಾತ್ರ ಇಡಿ, ಬ್ಲೀಚಿಂಗ್ ದಿನ ಅದನ್ನೂ ಹೊರಗೆ ತನ್ನಿ. ವೈರಿನ ಕೊನೆಗೆ ಒಂದು ಪ್ಲಗ್ ಇದ್ದರೆ ಸಲೀಸು.

ಬಾಕ್ಸಿನ ಸಣ್ಣ ವೈರನ್ನು ಉದ್ದ ಮಾಡೋಕೆ ಹೋಗಬೇಡಿ, ಅದು ದಾರಿಯ ಕಸವನ್ನೆಲ್ಲಾ ಎಳೆದುಕೊಂಡು ಬರುತ್ತದೆ. ಸ್ಪೀಕರ್ ವೈರನ್ನು ಉದ್ದ ಮಾಡಿ. ಎಷ್ಟು ದೂರ?

ಸ್ಪೀಕರ್ ಪೆಟ್ಟಿಗೆಯಲ್ಲಿ ಗಾಳಿ ಹೋಗುವ ದೊಡ್ಡ ತೂತು ಇದ್ದರೆ ಅದಕ್ಕೆ ಒಂದು ತುಂಡು ನೆಟ್ ಬಿಗಿಯಿರಿ. ಊಜಿ (ರೇಷ್ಮೆ ಹುಳುವನ್ನು ಕೊಲ್ಲುವ ನೊಣ) ಮರಿ ಇಳಿದರೆ ಕತ್ತಲೆ ಸಂದು ಹುಡುಕುತ್ತದೆ ಅಂತ ನಿಮಗೇ ಗೊತ್ತು. ವೈರು ಒಳಗೆ ತರುವ ತೂತನ್ನೂ ಮುಚ್ಚಿ. ನೆಟ್‌ನಲ್ಲಿ ಒಂದು ಬೆರಳು ಹೋಗುವ ಜಾಗ ಇದ್ದರೆ ಊಜಿ ನೊಣಕ್ಕೆ ಅದು ಹೆಬ್ಬಾಗಿಲು.


ಹುಳುಮನೆಯವಳು

45 ಅಡಿ. ಅಂಗಳ ದಾಟಿಸಬೇಕು. ಕರೆಂಟಿನ ವೈರಿನ ಜೊತೆಗೇ ಪೈಪಿನಲ್ಲಿ ಎಳೆಯೋಣ ಅಂತ ಮೈದುನ ಅನ್ನುತ್ತಿದ್ದಾನೆ. ಒಂದು ಸ್ಪೀಕರ್ ಮನೆಯಲ್ಲಿ, ಒಂದು ಅಲ್ಲಿ. ಆದರೆ ಹಾಡಿನಲ್ಲಿ ತಬಲ ಮನೆಯಲ್ಲಿ, ವೀಣೆ ಹುಳುಮನೆಯಲ್ಲಿ ಆಗಿಬಿಡುತ್ತದಲ್ಲ? ಎರಡು ವೈರು ಸೇರಿಸಿ ಒಂದು ಮಾಡಲಾ?


ಬೆಸುಗೆಕಡ್ಡಿ

ಸೇರಿಸಬೇಡಿ!! ಆಂಪ್ಲಿಫೈಯರಿನ ಎಡ ಬಲ ಸ್ಪೀಕರ್ ವೈರುಗಳನ್ನು ಒಂದಕ್ಕೊಂದು ತಿರುಚಿದರೆ ಒಂದು ಇನ್ನೊಂದನ್ನು ಎಳೆದಾಡಿ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಆ ಕಾಲದ ಟ್ರಾನ್ಸಿಸ್ಟರ್ ಈಗ ಹುಡುಕುವುದು ಕಷ್ಟ. ಮುಂದೆ ಮೋನೊ ಅಂತ ಒಂದು ಗುಂಡಿ ಇರಬೇಕು ನೋಡಿ. ಅದು ಒಳಗೇ, ಸಣ್ಣ ಸಿಗ್ನಲ್ ಇರುವ ಕಡೆ, ಎರಡನ್ನೂ ಕಲಸಿ ಎರಡು ಸ್ಪೀಕರಿಗೂ ಒಂದೇ ಸೌಂಡ್ ಕೊಡುತ್ತದೆ.

ಕರೆಂಟಿನ ಪೈಪಿನಲ್ಲಿ ಬೇಡ. ಬೇರೆ ಪೈಪು ಹಾಕಿಸಿ, ಒಂದಡಿ ದೂರ ಇರಲಿ. 45 ಅಡಿಗೆ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ಜೋಡಿ ವೈರು ತನ್ನಿ. ಹೋಗಿಬರುವ ದಾರಿ ಸೇರಿ ಓಮಿನ ಮೂರನೇ ಒಂದು ಭಾಗದಷ್ಟು ತಡೆ, ನಿಮ್ಮ ಸ್ಪೀಕರ್ 8 ಓಮಿನದಾದರೆ ಲೆಕ್ಕಕ್ಕೇ ಇಲ್ಲ. ಅರ್ಧ ಸ್ಕ್ವೇರಿನ ತೆಳು ವೈರು ತಂದರೆ ಒಂದು ಓಮ್ ಹತ್ತಿರ ದಾರಿಯಲ್ಲೇ ತಿನ್ನುತ್ತದೆ.


ಹುಳುಮನೆಯವಳು

ಹನ್ನೊಂದು ದಿನ ಆಯಿತು, ಬರೆಯೋಕೆ ಬಿಡುವಾಗಲಿಲ್ಲ. ಹುಳು ಹಣ್ಣಾಗಿ ಚಂದ್ರಂಕಿಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಟ್ಟೆವು, ಗೂಡು ಮಾರ್ಕೆಟ್ಟಿಗೂ ಹೋಯಿತು.

ಡಬ್ಬಿಯನ್ನು ಮಗ ಬೆಂಗಳೂರಿನಿಂದ ತಂದ, 350 ರೂಪಾಯಿ. ಹಾಕಿದ ಮೇಲೆ ಹುಂ ಇಲ್ಲ. ಕಿವಿಯನ್ನು ಸ್ಪೀಕರ್ ಬಟ್ಟೆಗೆ ಒತ್ತಿ ಹಿಡಿದರೆ ಮಾತ್ರ ಏನೋ ಸುಯ್ ಅನ್ನುತ್ತದೆ. ಮೋನೊ ಗುಂಡಿ ಇತ್ತು, ಟೇಪ್ ಗುಂಡಿಗಿಂತ ಸಲೀಸಾಗಿ ಒತ್ತಿತು. ಮಾಲೂರಿನವರು ಹೇಳಿದ ಹಾಗೆ ಕಿಟಕಿ ನೆಟ್ಟಿನ ತೂತಿಗೆ ಎಂ-ಸೀಲ್ ಮೆತ್ತಿದೆ. ಸ್ಪೀಕರಿಗೆ ಹಿಂದುಗಡೆ ಅಂಗೈ ಹಿಡಿಸುವಷ್ಟು ತೂತಿತ್ತು, ನೆಟ್ ಹೊಡೆದೆ. ಹೊಡೆಯುವಾಗ ಒಳಗೆ ಒಂದು ಬೀಡಿ ಕಟ್ಟಿನ ಕಾಗದ ಸಿಕ್ಕಿತು. ಅಮ್ಮನಿಗೆ ಕಾಣದ ಹಾಗೆ ಅಪ್ಪ ಬಚ್ಚಿಡುತ್ತಿದ್ದ ಜಾಗ ಅದು ಅಂತ ಅಣ್ಣ ಫೋನಿನಲ್ಲಿ ನಗಾಡಿದ.

ಕೊನೆಯ ಐದು ರಾತ್ರಿ ಸೊಪ್ಪು ಹಾಕುತ್ತಾ ಕೇಳಿದೆ. ಹುಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗಿರುತ್ತದಲ್ಲ, ಅದರ ಮೇಲೆ ರೇಡಿಯೊ. ಅತ್ತೆ "ಹುಳಕ್ಕೆ ದೃಷ್ಟಿಯಾಗತ್ತೆ, ಶಬ್ದ ಆಗಲ್ಲ" ಅಂತ ಎರಡು ದಿನ ಗೊಣಗಿ, ಮೂರನೇ ದಿನ ಮೊರ ಹಿಡಿದುಕೊಂಡು ಅಲ್ಲೇ ಬಂದು ಕೂತರು.

ಒಂದು ಕಿರಿಕಿರಿ ಉಳಿದಿದೆ. ಕರೆಂಟ್ ಹೋಗಿ ಬಂದರೆ ಬಾಕ್ಸು ರೇಡಿಯೊ ಬಿಟ್ಟು ಯಾವುದೋ ಹಿಂದಿ ಚಾನೆಲ್ಲಿಗೆ ಹೋಗಿ ನಿಲ್ಲುತ್ತದೆ. ರಾತ್ರಿ ಹುಳುಮನೆಯಲ್ಲಿ ಇದ್ದಕ್ಕಿದ್ದಂತೆ ಯಾರೋ ಹಿಂದಿಯಲ್ಲಿ ಕಿರುಚಿ ಜೀವ ಹೋಗಿತ್ತು. ಮತ್ತೆ ಬಲಗಡೆ ಸ್ಪೀಕರಿನ ಕಾಗದದ ಸುತ್ತ ಇರುವ ಸ್ಪಂಜಿನಂಥ ಅಂಚು ಮುಟ್ಟಿದರೆ ಪುಡಿಯಾಗಿ ಉದುರುತ್ತಿದೆ. ಇದಕ್ಕೆ ಏನಾದರೂ ಇದೆಯಾ ಅಣ್ಣ?


ಸೈಲೆಂಟ್ ಮೋಡ್

ಆಂಟಿ, ನಮ್ಮ ತಾತನ ಹತ್ತಿರ ಇದೇ ಥರದ ಒಂದು ಅಟ್ಟದ ಮೇಲಿದೆ. ಹಿಂದೆ ಐದು ತೂತು. ನಾಳೆ ಇಳಿಸುತ್ತೇನೆ.


ಬೆಸುಗೆಕಡ್ಡಿ

ಕರೆಂಟ್ ಹೋದರೆ ಬಾಕ್ಸಿನ ನೆನಪು ಹೋಗುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಬಾಕ್ಸನ್ನು ಅದಕ್ಕೆ ಹಾಕಿ. ಇಂಟರ್ನೆಟ್ ಬಾಕ್ಸಿಗೆ ಅಂತ 12 ವೋಲ್ಟಿನ ಪುಟ್ಟ ಬ್ಯಾಟರಿ ಬರುತ್ತದೆ, ನಿಮ್ಮ ಬಾಕ್ಸಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ದರೆ ಅದೂ ಆಗುತ್ತದೆ.

ಸ್ಪಂಜಿನ ಅಂಚಿಗೆ ಹೆದರಬೇಡಿ, ವಯಸ್ಸಾದರೆ ಎಲ್ಲಾ ಫೋಮೂ ಹಾಗೇ ಪುಡಿಯಾಗುತ್ತದೆ. ಹೊಸ ಅಂಚು ಮಾತ್ರ ಅಂಟಿಸಬಹುದು, ಸ್ಪೀಕರ್ ಬದಲಾಯಿಸಬೇಕಿಲ್ಲ. ಅಲ್ಲಿಯವರೆಗೆ ಅದನ್ನು ಜೋರಾಗಿ ಹಾಕಬೇಡಿ, ಚೆನ್ನಾಗಿರುವುದನ್ನು ಹುಳುಮನೆಗೆ ಕೊಡಿ. ಎರಡೂ ಬೆರಳಿನಲ್ಲಿ ಕಾಗದವನ್ನು ಸಮನಾಗಿ, ಮೆತ್ತಗೆ ಒತ್ತಿ ಬಿಡಿ. ಒಳಗೆ ಕರಕರ ಅಂತ ಉಜ್ಜುತ್ತದಾ ನೋಡಿ ಹೇಳಿ. ಅಂಚಿನಿಂದ ಅಂಚಿಗೆ ಎಷ್ಟು ಇಂಚು ಅಂತ ಅಳತೆಯನ್ನೂ ಹಾಕಿ.